ಭೂತಾಯಿಯ ಬಯಕೆ ಕೇಳಿದ್ದು

ಪರಮಪೂಜ್ಯ ಹಾಲವ್ವತಾಯಿಯವರು ತಮ್ಮ ಕಡೆಯ ವರ್ಷಗಳನ್ನು ಮುಗಳಿಕೊಪ್ಪದ ಎರೆಹೊಲವೊಂದರ ಬದುವಿನ ಮೇಲೆ ಕಳೆದರು. ಮಠವಿಲ್ಲ, ಗದ್ದುಗೆಯಿಲ್ಲ. ಹಕ್ಕಿ ಕಾಯುವವರು ಬಿಟ್ಟುಹೋದ ಜೋಪಡಿ, ನೀರಿಗೊಂದು ಮಗಿ, ಹೊದೆಯಲೊಂದು ಕೌದಿ, ಇಷ್ಟೇ ಅವರ ಸಂಸಾರ. ದರ್ಶನಕ್ಕೆ ಹೋದವರು ತಾಯಿಯವರಂತೆ ಬರಿನೆಲದ ಮೇಲೆಯೇ ಕೂಡಬೇಕಿತ್ತು. ಇಸ್ತ್ರಿ ಧೋತರದ ದೊಡ್ಡ ಮನುಷ್ಯರು ನಿಂತಲ್ಲೇ ಕೈಮುಗಿದು ಬರುತ್ತಿದ್ದರು, ಪಾಪ.

ಅಂದು ಎಳ್ಳಮಾವಾಸ್ಯೆ. ಜೋಳ ಹೊಡೆ ತುಂಬಿ ನಿಲ್ಲುವ ಕಾಲ. ಭೂತಾಯಿ ಬಸುರಿಯೆಂದು ನಮ್ಮ ಕಡೆ ಅವತ್ತು ಆಕೆಗೆ ಬಯಕೆಯ ಊಟ ಮಾಡಿಸುತ್ತಾರೆ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಎಲ್ಲವನ್ನೂ ಕಲಸಿ ಹೊಲದ ತುಂಬ ಚೆಲ್ಲುವುದಕ್ಕೆ ಚರಗ ಎನ್ನುತ್ತಾರೆ. ಮುಂದಿನವರು ಚರಗ ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದರೆ, ಹಿಂದಿನವರು ನೀರು ಚಿಮುಕಿಸುತ್ತ ‘ಚಳಾಂಬ್ರಿಗೋ’ ಎನ್ನಬೇಕು. ಅರ್ಥ ಕೇಳಿದರೆ ಹಿರಿಯರೂ ತಲೆ ಕೆರೆದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ, ಬಾಯಿ ಎಷ್ಟೇ ಕೂಗಿದರೂ ನಮ್ಮ ಕಣ್ಣೆಲ್ಲ ಹೋಳಿಗೆಯ ಬುಟ್ಟಿಯ ಮೇಲೆಯೇ ಇರುತ್ತದೆ.

ಆ ಹೊಲದ ಒಡತಿ ಫಕೀರವ್ವ. ಮೊದಲ ಚರಗವನ್ನು ಸೊಸೆಯೇ ಚೆಲ್ಲುವುದು ಅವರ ಮನೆತನದ ಪದ್ಧತಿ. ಆದರೆ ಸೊಸೆ ನಿಂಬೆವ್ವ ಬುಟ್ಟಿಯನ್ನು ಜೋಪಡಿಯ ಮುಂದೆ ಇಳಿಸಿ ನಿಂತುಬಿಟ್ಟಳು.

“ನಾ ಚೆಲ್ಲಂಗಿಲ್ರಿ ಯವ್ವಾ. ನನ್ನ ಕೂಸನ್ನ ನುಂಗಿದಾಕಿಗೆ ನಾ ಹೆಂಗ ಉಣ್ಣಾಕ ಹಾಕ್ಲಿ?”

ನೀರಿನ ತಂಬಿಗೆ ಹಿಡಿದು ಹಿಂದೆ ಬಂದಿದ್ದ ಫಕೀರವ್ವ ತಲೆ ತಗ್ಗಿಸಿದಳು. ಹಿಂದಿನ ವರ್ಷ ನಿಂಬೆವ್ವ ಬಸುರಿಯಾಗಿದ್ದಳು. ಬಸುರಿಗೆ ಸೀರೆ ಉಡಿಸಿ ಬಳೆ ತೊಡಿಸುವ ಐದು ತಿಂಗಳ ಕುಬಸದ ಸಡಗರದಲ್ಲಿ ಮನೆಯವರೆಲ್ಲ ಮುಳುಗಿದ್ದಾಗ ಗರ್ಭ ಇಳಿದುಹೋಯಿತು. ಹೊಲದ ಮೂಲೆಯ ಬನ್ನಿಮರದ ಕೆಳಗೆ ಕೂಸನ್ನು ಹೂಳಿ ಬಂದ ದಿನ, ಸೊಸೆ ಕದ್ದು ಮಣ್ಣು ತಿನ್ನುತ್ತಿದ್ದಳೆಂದು ಯಾರೋ ಹೇಳಿದರು. ಫಕೀರವ್ವ ದುಃಖದಲ್ಲಿ ಒಂದು ಮಾತು ಅಂದುಬಿಟ್ಟಳು: “ಮಣ್ಣು ತಿಂದು ಕೂಸನ್ನ ಮಣ್ಣು ಮಾಡಿದಿ.”

ಅಂದಿನಿಂದ ನಿಂಬೆವ್ವ ಮಣ್ಣು ಮುಟ್ಟಿರಲಿಲ್ಲ. ಒಲೆ ಸಾರಿಸುತ್ತಿರಲಿಲ್ಲ. ಬದುವಿನಲ್ಲೇ ಎಲ್ಲರೂ ಚಪ್ಪಲಿ ಕಳಚುವ ಹೊಲಕ್ಕೆ ಆಕೆ ಚಪ್ಪಲಿ ಮೆಟ್ಟಿಕೊಂಡೇ ಬರುತ್ತಿದ್ದಳು. ಅತ್ತ ನೆಲದ ಮೇಲೆ ಸಿಟ್ಟು, ಇತ್ತ ಕೂಸನ್ನು ಕೊಂದವಳು ತಾನೇ ಎಂಬ ಕೊರಗು. ಆದರೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

ತಾಯಿಯವರು ಆಕೆಯನ್ನು ಗದರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಆಗ ನಿನಗ ಏನು ಬಯಕಿ ಆಗಿತ್ತವಾ?” ಎಂದು ಕೇಳಿದರು.

ನಿಂಬೆವ್ವ ಅತ್ತೆಯ ಕಡೆ ನೋಡಿ ಹೇಳಿದಳು: “ಮಣ್ಣಿಂದ್ರಿ. ಮಳಿ ಬಿದ್ದ ವಾಸನಿ ಬಂದ್ರ ಬಾಯಾಗ ನೀರು ಬರ್ತಿತ್ತು. ಇದೇ ಬದುವಿನ ಹೆಂಟಿ ಒಂದು ಚೂರು ಕದ್ದು ತಿಂದಿದ್ದೆ.”

“ಕದ್ದು ಯಾಕ?”

“ಏನು ಬೇಕಂತ ಯಾರೂ ಕೇಳಿದ್ದಿಲ್ರಿ.”

ಸೀರೆಯ ಬಣ್ಣ ಚರ್ಚೆಯಾಗಿತ್ತು, ಬಳೆಗಾರನಿಗೆ ಹೇಳಿಯಾಗಿತ್ತು. ಬಸುರಿಯನ್ನು ಕೇಳುವುದೊಂದು ಉಳಿದುಹೋಗಿತ್ತು.

ತಾಯಿಯವರು ಅಂಗೈಯಿಂದ ನೆಲ ಮುಟ್ಟಿದರು. “ಈಕಿನ್ನೂ ಯಾರೂ ಕೇಳಿಲ್ಲ ನೋಡವಾ. ವರ್ಷಾ ವರ್ಷಾ ಉಣಿಸಿ ಹೋಗ್ತಾರ. ನೀನರ ಕೇಳು. ಆಮ್ಯಾಲೆ ಚೆಲ್ಲೂದು ಬಿಡೂದು ನಿನ್ನ ಮನಸ.”



ನಿಂಬೆವ್ವ ಚಪ್ಪಲಿ ಕಳಚಿ ಜೋಳದ ಸಾಲಿನ ನಡುವೆ ಹೋಗಿ ಕುಳಿತಳು. ಎರೆಮಣ್ಣು ಮೇಲೆ ಒಣಗಿ ಬಿರಿದಿತ್ತು. ಬಿರುಕಿನೊಳಗೆ ಬೆರಳಿಟ್ಟರೆ ತಂಪಾಗಿತ್ತು. “ನಿನಗೇನು ಬೇಕವಾ?” ಎಂದು ಮೆಲ್ಲಗೆ ಕೇಳಿದಳು.

ಪವಾಡ ಬಯಸುವವರು ಬೇಸರ ಮಾಡಿಕೊಳ್ಳಬಾರದು, ಭೂಮಿ ಮಾತಾಡಲಿಲ್ಲ. ನಿಂಬೆವ್ವ ಮಾತ್ರ ಕೈ ತೆಗೆಯದೆ ಕಾದಳು. ಕಾಯುತ್ತ ಕುಳಿತವಳಿಗೆ ಬನ್ನಿಮರ ಕಣ್ಣಿಗೆ ಬಿತ್ತು. “ನನ್ನ ಕೂಸು ನಿನ್ನ ಹಂತ್ಯಾಕ ಐತೆಲ್ಲ,” ಎಂದಳು. “ಇಷ್ಟು ದಿನ ನೀನ ಮಲಗಿಸಿಕೊಂಡಿಯೆಲ್ಲ.” ಹಾಗೆನ್ನುತ್ತಲೇ ವರ್ಷದಿಂದ ತಡೆದಿದ್ದ ಅಳು ಬಂತು.

ಫಕೀರವ್ವ ತಂಬಿಗೆ ಇಳಿಸಿದಳು. ಮೊಣಕಾಲು ನೋವಿನ ಮುದುಕಿ, ಆದರೂ ಅದೇ ಸಾಲಿನಲ್ಲಿ ಸೊಸೆಯ ಪಕ್ಕ ಕುಳಿತಳು.

“ನಿನಗೇನು ಬೇಕವಾ, ನಿಂಬೀ?”

“ಅವತ್ತ ಅಂದ ಮಾತು ಹಿಂದ ತಗೋರಿ ಅತ್ತಿ.”

ಮುದುಕಿ ಒಂದು ಹಿಡಿ ಮಣ್ಣು ತೆಗೆದು ಆ ಬಿರುಕಿನೊಳಗೆ ಸುರಿದಳು. “ನಾ ಆಡಿದ ಮಾತು ಮಣ್ಣಾಗ್ಲಿ,” ಎಂದಳು. “ನೀ ಏನೂ ಮಾಡಿಲ್ಲ ಮಗಳ. ನನಗ ತಪ್ಪಾತು.”

ಆಮೇಲೆ ನಿಂಬೆವ್ವ ಎದ್ದು ಬುಟ್ಟಿ ಎತ್ತಿಕೊಂಡಳು. ಬನ್ನಿಮರದ ಬುಡದಿಂದ ಶುರುಮಾಡಿ, ಕೂಸಿಗೆ ತುತ್ತು ಕೊಡುವ ಹಾಗೆ ಬಗ್ಗಿ ಬಗ್ಗಿ ಚರಗ ಇಟ್ಟಳು. ಫಕೀರವ್ವ ತಂಬಿಗೆ ಎತ್ತಿಕೊಂಡು, ‘ಚಳಾಂಬ್ರಿಗೋ’ ಎನ್ನುತ್ತ ಹಿಂದೆ ಹಿಂದೆ ನೀರು ಚಿಮುಕಿಸಿದಳು. ಜೋಪಡಿಯ ಮುಂದೆ ತಾಯಿಯವರು ಆ ಇಬ್ಬರಿಗೂ ಕೈಮುಗಿದು ನಿಂತಿದ್ದರು.

ಮುಗಳಿಕೊಪ್ಪದಲ್ಲಿ ಈಗಲೂ ನೆಲಕ್ಕೆ ಅಂಗೈಯಿಟ್ಟು ಕೇಳದೆ ಯಾರೂ ಚರಗ ಚೆಲ್ಲುವುದಿಲ್ಲ. ಫಕೀರವ್ವ ಇರುವತನಕ ನೆಲವನ್ನು ಕೇಳಿದ ಮೇಲೆ ಸೊಸೆಯನ್ನೂ ಕೇಳುತ್ತಿದ್ದಳು. ನಿಂಬೆವ್ವ ಒಮ್ಮೆ ಹುಣಸೆ ಚಿಗುರು ಎನ್ನುತ್ತಿದ್ದಳು, ಒಮ್ಮೆ ತವರಿಗೆ ಹೋಗಿಬರುತ್ತೇನೆ ಎನ್ನುತ್ತಿದ್ದಳು. ಹೂಂ ಅನ್ನದೆ ಮುದುಕಿ ಊಟಕ್ಕೆ ಕೂಡುತ್ತಿರಲಿಲ್ಲ.