ಊರಿಗೆಲ್ಲ ಹಿತ, ಅಮ್ಮಣ್ಣಿಗೆ ಉರಿ

ಕೋಡಿಗಿರಿಯ ಪೇಟೆಯಲ್ಲಿ ಡಂಗುರದವನು ಕೂಗಿದ: "ಕೇಳ್ರಪ್ಪೋ ಕೇಳಿ! ಹೊನ್ನಾಂಬೆ ಅಮ್ಮಣ್ಣಿಯವರು ಮೂರು ಒಗಟು ಹಾಕ್ತಾರೆ. ಮೂರನ್ನೂ ಬಿಡಿಸಿದವರಿಗೆ ದೊರೆಗಳು ಕೇಳಿದ್ದು ಕೊಡ್ತಾರೆ. ತಪ್ಪಿದವರ ತಲೆ ಕೋಟೆ ಬಾಗಿಲಿಗೆ!"

ಕೇಳಿದ್ದು ಕೊಡುವ ಮಾತು ಜನರ ಕಿವಿಗೆ ಚೆನ್ನಾಗಿ ಬಿತ್ತು, ತಲೆಯ ಮಾತು ಬೀಳಲಿಲ್ಲ. ಆಸೆ ಹತ್ತಿದವನಿಗೆ ಒಂದು ಕಿವಿ ಯಾವಾಗಲೂ ಕಿವುಡೇ.

ರಾಜಕುಮಾರಿ ಹೊನ್ನಾಂಬೆಯ ಪಾಡು ಊರಿಗೆಲ್ಲ ಗೊತ್ತಿತ್ತು. ಯುಗಾದಿಯ ಎಣ್ಣೆಸ್ನಾನ ಮಾಡಿದ ಮಾರನೆಯ ದಿನ ಅವಳ ಮುಖ, ಕತ್ತು, ತೋಳೆಲ್ಲ ಕೆಂಪೇರಿ ಬೊಕ್ಕೆ ಎದ್ದಿದ್ದವು. ಎಣ್ಣೆಯಲ್ಲಿ ಕಲಬೆರಕೆಯಾಗಿದೆ ಎಂದು ದೊರೆ ಗಾಣಿಗರ ಜವರಯ್ಯನನ್ನು ಸೆರೆಗೆ ಹಾಕಿಸಿದ. ಕಾರ ಹುಣ್ಣಿಮೆಗೆ ಅವನಿಗೆ ಶೂಲ ಎಂದು ತೀರ್ಪಾಯಿತು. ಆಮೇಲೆ ವೈದ್ಯರು ಹಚ್ಚಿದ ಒಂದೊಂದು ತೈಲಕ್ಕೂ ಬೊಕ್ಕೆ ಹೆಚ್ಚಿತೇ ಹೊರತು ಇಳಿಯಲಿಲ್ಲ. ಅರಮನೆಯ ಕನ್ನಡಿಗಳನ್ನೆಲ್ಲ ಒಡೆಸಿದ ಹೊನ್ನಾಂಬೆ, ಕೊನೆಗೆ ಸಿಟ್ಟಿನಲ್ಲಿ ಈ ಒಗಟುಗಳನ್ನು ಹೊಸೆದಳು.

ಜವರಯ್ಯನ ಮಗಳು ಕೆಂಚಿ ಗಾಣದ ಪಕ್ಕ ನಿಂತು ಡಂಗುರ ಕೇಳಿದಳು. ಆ ದಿನ ಎಣ್ಣೆಯ ಕೊಡವನ್ನು ಅರಮನೆಗೆ ಹೊತ್ತವಳು ಅವಳೇ. ಭಟರು ಅವಳನ್ನು ಹಿಡಿಯಲು ಬಂದಾಗ, "ಹಿಂಡಿದೋನು ನಾನು, ತಪ್ಪೂ ನಂದೇ" ಎಂದು ಅಪ್ಪ ಅಡ್ಡ ನಿಂತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಒಗಟಿಗೆ ಮೊದಲು ಬಂದವನು ನೆರೆನಾಡಿನ ರಾಜಕುಮಾರ. ಹೊನ್ನಾಂಬೆಯ ಜೊತೆಗೆ ಕೋಡಿಗಿರಿಯೂ ಸಿಗಲಿ ಎಂಬ ಲೆಕ್ಕಾಚಾರ ಅವನದು. ತೆರೆಯ ಹಿಂದಿನಿಂದ ಹೊನ್ನಾಂಬೆ ಕೇಳಿದಳು: "ನೀರು ಹೊಯ್ದಷ್ಟೂ ಒಣಗಿ ಬಿರಿಯುವ ಹೊಲವೊಂದಿದೆ. ಅದು ಯಾವುದು? ಏನು ಕೊಟ್ಟರೆ ತಣಿಯುತ್ತದೆ?"

"ಚೌಳು ಭೂಮಿ. ಗೊಬ್ಬರ ಕೊಟ್ಟರೆ..." ಎನ್ನುತ್ತಿದ್ದ ಹಾಗೆಯೇ ಭಟರು ಅವನ ಹೆಗಲಿಗೆ ಕೈ ಹಾಕಿದರು.

ಅವನ ಹಿಂದೆ ಹತ್ತು ಜನ ಬಂದರು. ಅವರಲ್ಲಿ ಗಿರಿಭಟ್ಟನೆಂಬ ವೈದ್ಯನೊಬ್ಬನೇ ಎರಡು ಒಗಟು ಬಿಡಿಸಿ, ಮೂರನೆಯದಕ್ಕೆ ತನ್ನ ಚಂದನದ ತೈಲವನ್ನು ಮುಂದಿಟ್ಟ. ಮಾರನೆಯ ಸಂಜೆಗೆ ರಾಜಕುಮಾರಿಯ ಕೆನ್ನೆಯಲ್ಲಿ ಮತ್ತೆ ಬೊಕ್ಕೆ ಎದ್ದವು. ಕೋಟೆ ಬಾಗಿಲಲ್ಲಿ ಹನ್ನೊಂದು ತಲೆಗಳಾದವು.

ಹುಣ್ಣಿಮೆಗೆ ಮೂರು ದಿನ ಇದ್ದಾಗ ಕೆಂಚಿ ಹೋದಳು. ಉಟ್ಟ ಸೀರೆಯೂ ಎಣ್ಣೆ ಕಮಟು ಹೊಡೆಯುತ್ತಿತ್ತು. ಸಭೆಯವರು ಮೂಗು ಮುಚ್ಚಿಕೊಂಡು ನಕ್ಕರು.

ಮೊದಲ ಒಗಟಿಗೆ ಅವಳು ತಡೆಯಲಿಲ್ಲ. "ಒಣ ಮೈಯಿ, ಅಮ್ಮಣ್ಣಿ. ಸುಡುನೀರು ಹುಯ್ದು ಉಜ್ಜಿದಷ್ಟೂ ಬಿರೀತದೆ. ಉಗುರು ಬೆಚ್ಚಗಿನ ನೀರಲ್ಲಿ ಮಿಂದು, ಮೈ ಹಸಿ ಇರೋವಾಗ್ಲೇ ಎಳ್ಳೆಣ್ಣೆ ಸವರಬೇಕು."

ಹೊನ್ನಾಂಬೆ ಎರಡನೆಯದನ್ನು ಕೇಳಿದಳು: "ಎಣ್ಣೆ ಹೊಯ್ಯದಿದ್ದರೂ ತಾನೇ ಒಸರುವ ಹಣತೆಯೊಂದಿದೆ. ತಿಕ್ಕಿ ತೊಳೆದಷ್ಟೂ ಇನ್ನೂ ಒಸರುತ್ತದೆ. ಅದು ಯಾವುದು? ಅದಕ್ಕೇನು ಮಾಡಬೇಕು?"

"ಹರೇದವರ ಜಿಡ್ಡು ಮುಖ. ತಿಕ್ಕಬಾರ್ದು, ತಿಕ್ಕಿದ್ರೆ ಮೊಡವೆ ಏಳ್ತವೆ. ಬೇವಿನೆಲೆ ಕುದಿಸಿ ಆರಿಸಿದ ನೀರಲ್ಲಿ ತೊಳೆದ್ರೆ ಸಾಕು. ಎಣ್ಣೆ ಬೇಕೇ ಬೇಕು ಅಂದ್ರೆ ಕುಸುಬೆ ಎಣ್ಣೆ, ಎರಡೇ ತೊಟ್ಟು."

ಸಭೆಯ ನಗು ನಿಂತಿತು. ತೆರೆಯ ಹಿಂದಿನಿಂದ ಮೂರನೆಯ ಒಗಟು ಬಂತು. "ಊರಿಗೆಲ್ಲ ಹಿತವಾದದ್ದು ಒಬ್ಬಳಿಗೆ ಮಾತ್ರ ಉರಿ. ಅವಳಿಗೆ ಹಿತವಾದದ್ದು ಯಾವುದು? ಇದರ ಉತ್ತರ ನನಗೂ ಗೊತ್ತಿಲ್ಲ. ನೀನು ಹೇಳಿದ್ದನ್ನು ಹಚ್ಚಿಕೊಳ್ಳುತ್ತೇನೆ. ಬೊಕ್ಕೆ ಎದ್ದರೆ ನಿನ್ನ ತಲೆ ಹೋಯಿತು."

"ನಂಗೂ ಗೊತ್ತಿಲ್ಲ, ಅಮ್ಮಣ್ಣಿ."

ಭಟರು ಮುಂದೆ ಬಂದರು. ಕೆಂಚಿ ಮಾತು ನಿಲ್ಲಿಸಲಿಲ್ಲ.

"ಗೊತ್ತಿರೋದು ನಿಮ್ಮ ಮೈಗೆ. ಅದನ್ನೇ ಕೇಳ್ಬೇಕು. ನಮ್ಮ ಗಾಣಕ್ಕೆ ಹೊಸಬರು ಬಂದ್ರೆ ಮೊಣಕೈ ಒಳಮಗ್ಗುಲಿಗೆ ಒಂದು ತೊಟ್ಟು ಹಚ್ಚಿ, ನಾಳೆ ಬನ್ನಿ ಅಂತೀವಿ. ಕೆಂಪಾಗದಿದ್ರೆ ಮಾತ್ರ ಎಣ್ಣೆ ಕೊಡ್ತೀವಿ. ಅವತ್ತು ನಿಮ್ಮನ್ನ ಕೇಳ್ಲಿಲ್ಲ. ಗಾಣದೋಳು ಅಮ್ಮಣ್ಣಿಯೋರ ತೋಳು ಹೆಂಗೆ ಮುಟ್ಟೋದು ಅಂತ ಹೆದರಿ, ಕೊಡ ಇಳಿಸಿ ಬಂದ್ಬಿಟ್ಟೆ. ತಪ್ಪು ನಂದು, ನಮ್ಮಪ್ಪಂದಲ್ಲ. ಎರಡೂ ತೋಳು ಕೊಡಿ, ಒಂದು ದಿನ ಕೊಡಿ."

"ಎಳೆದುಕೊಂಡು ಹೋಗಿ ಇವಳನ್ನು!" ಎಂದ ದೊರೆ. ಅಷ್ಟರಲ್ಲಿ ತೆರೆಯ ಸಂದಿಯಿಂದ ಎರಡು ತೋಳುಗಳು ಹೊರಗೆ ಬಂದವು. ಕೆಂಚಿ ಅರಮನೆಯ ಉಗ್ರಾಣದಿಂದಲೇ ಎಣ್ಣೆ ತರಿಸಿ, ಎಡಕ್ಕೆ ಎಳ್ಳೆಣ್ಣೆಯ ಒಂದು ತೊಟ್ಟು, ಬಲಕ್ಕೆ ಕೊಬ್ಬರಿ ಎಣ್ಣೆಯ ಒಂದು ತೊಟ್ಟು ಹಚ್ಚಿದಳು.

ಆ ದಿನ ಅವಳನ್ನು ಅಪ್ಪನ ಜೊತೆಯಲ್ಲೇ ಕೂಡಿಹಾಕಿದರು.

"ನಾನು ಹೆಂಗೂ ಸಾಯ್ತಿದ್ದೆ. ನೀನ್ಯಾಕವ್ವ ಬಂದೆ?" ಎಂದು ಜವರಯ್ಯ ಅತ್ತ. ಆಮೇಲೆ ಕೇಳಿದ, "ಎರಡೂ ಕಡೆ ಬೊಕ್ಕೆ ಎದ್ರೆ?"

ಕೆಂಚಿ ಅವನ ಕೈ ಹಿಡಿದುಕೊಂಡಳು.

ಮಾರನೆಯ ದಿನ ಹೊನ್ನಾಂಬೆ ತೆರೆ ಸರಿಸಿ, ಹುಣ್ಣಾದ ಮುಖದಲ್ಲೇ ಸಭೆಗೆ ಬಂದಳು. ಎಡತೋಳಲ್ಲಿ ಕಾಸಿನಗಲ ಕೆಂಪಾಗಿ ಸಣ್ಣ ಬೊಕ್ಕೆಗಳೆದ್ದಿದ್ದವು. ಬಲತೋಳು ತಿಳಿಯಾಗಿತ್ತು.

"ಎಣ್ಣೇಲಿ ಕಲಬೆರಕೆ ಇರ್ಲಿಲ್ಲ, ಬುದ್ಧೀ," ಎಂದಳು ಕೆಂಚಿ ದೊರೆಗೆ. "ಇದು ನಿಮ್ಮ ಉಗ್ರಾಣದ್ದೇ ಎಳ್ಳೆಣ್ಣೆ, ನಮ್ಮ ಗಾಣದ್ದಲ್ಲ. ಯುಗಾದಿಗೆ ನಾವು ಕೊಟ್ಟಿದ್ದೂ ಎಳ್ಳೆಣ್ಣೇನೇ. ಎಳ್ಳು ಇವರ ಮೈಗೆ ಒಗ್ಗಲ್ಲ, ಅಷ್ಟೇ. ವೈದ್ಯರು ಹಾಕಿದ ಬೇರುಗಳು ಬೇರೆ ಬೇರೆ ಇದ್ವು. ಅವನ್ನ ಕುದಿಸಿದ್ದು ಮಾತ್ರ ಎಲ್ಲರೂ ಎಳ್ಳೆಣ್ಣೇಲೇ."

ದೊರೆ ತಲೆ ತಗ್ಗಿಸಿದ. ಆಮೇಲೆ ಜವರಯ್ಯನ ಬೇಡಿ ಬಿಚ್ಚಿಸಿದ, ಕೆಂಚಿಗೆ ಹತ್ತು ಖಂಡುಗ ಗದ್ದೆ ಬರೆಸಿಕೊಟ್ಟ, ಅರಮನೆಯ ಎಣ್ಣೆಮನೆಯ ಬೀಗದ ಕೈಯನ್ನೂ ಕೊಟ್ಟ. "ಇನ್ನೇನು ಬೇಕು, ಕೇಳು" ಎಂದ.

"ಈ ಒಗಟು ನಿಲ್ಲಿಸಿ, ಬುದ್ಧೀ," ಎಂದಳು ಕೆಂಚಿ.

ಅಪ್ಪನ ಹಿಂದೆ ಹೊರಟವಳನ್ನು ಹೊನ್ನಾಂಬೆ ತಡೆದಳು. ಅವಳ ಕಣ್ಣು ಕಿಟಕಿಯಾಚೆ ಕೋಟೆ ಬಾಗಿಲ ಕಡೆಗಿತ್ತು.

"ಕೆಂಚೀ, ನನ್ನ ಮೈ ಗುಣವಾಗುತ್ತದೆ. ಆ ಹನ್ನೊಂದು ಜನಕ್ಕೆ ಏನು ಹಚ್ಚಲಿ?"

ಮೂರು ಒಗಟು ಬಿಡಿಸಿದ ಗಾಣದ ಹುಡುಗಿ ಕೈಮುಗಿದು ಅಪ್ಪನ ಹಿಂದೆ ಹೊರಟುಹೋದಳು. ಕೆಂಚಿಯೂ ಅವಳ ಅಪ್ಪನೂ ಸುಖವಾಗಿ ಬಾಳಿದರು ಎಂದು ನನಗೆ ಹೇಳಿದವರಿದ್ದಾರೆ. ಹೊನ್ನಾಂಬೆ ಹೇಗೆ ಬಾಳಿದಳೋ, ಅದನ್ನು ಯಾರೂ ಹೇಳಲಿಲ್ಲ.