ಹೆಬ್ಬೆರಳಿನ ಕೆಳಗಿನ ಸಾಲು

ಸಸ್ಕ್ವೆಹಾನಾ ನದಿಯ ದಡದಲ್ಲಿ ಟೋಬಿಯಸ್ ಎಂಬ ಗುರುಗಳಿದ್ದರು. ಅಕ್ಷರ ಕಲಿಯಲು ಬಂದವರಿಗೆ ಅಕ್ಷರ ಕಲಿಸುತ್ತಿದ್ದರು. ಸುಮ್ಮನೆ ಕೂರಲು ಬಂದವರ ಜೊತೆ ಸುಮ್ಮನೆ ಕೂರುತ್ತಿದ್ದರು.

ಅವರ ಶಿಷ್ಯರಲ್ಲಿ ಏಮಸ್ ಒಬ್ಬ. ಹದಿನೆಂಟು ತುಂಬುವ ಹೊತ್ತಿಗೆ ಅವನು ಪುಸ್ತಕ ಮುಚ್ಚಿಟ್ಟು ಕೋವಿ ಹಿಡಿದ. ಸಮುದ್ರದಾಚೆ ಕೂತ ದೊರೆ ಇಲ್ಲಿನವರನ್ನು ಒಂದು ಮಾತೂ ಕೇಳದೆ ಇಲ್ಲಿಗೆ ಕಾನೂನು ಬರೆಯುತ್ತಿದ್ದ, ತೆರಿಗೆ ಹಾಕುತ್ತಿದ್ದ. ತಾಳಲಾರದೆ ಹದಿಮೂರು ಸೀಮೆಗಳು ತಿರುಗಿಬಿದ್ದಿದ್ದವು.

ಗುರುಗಳು ಆಯುಧ ಮುಟ್ಟದ ಪಂಥದವರು. ಏಮಸ್ ಹೊರಟಾಗ ಅಳುಕುತ್ತಲೇ ಕೇಳಿದ್ದ, "ಹೋಗಬೇಡ ಎನ್ನುವುದಿಲ್ಲವೇ?"

"ನಿನ್ನನ್ನು ತಡೆದರೆ ನಾನೂ ಒಬ್ಬ ದೊರೆಯಾಗುತ್ತೇನೆ," ಎಂದಿದ್ದರು ಅವರು.

ಯುದ್ಧ ಎಂಟು ವರ್ಷ ನಡೆಯಿತು. ಎರಡನೆಯ ಚಳಿಗಾಲದಲ್ಲಿ ಏಮಸ್‌ನ ಪಾದಗಳು ಹಿಮಕ್ಕೆ ಮರಗಟ್ಟಿದವು, ಜ್ವರ ತಲೆಗೇರಿತು. ಪಡೆ ಅವನನ್ನು ದಾರಿಯಲ್ಲೇ ಬಿಟ್ಟು ಮುಂದೆ ಹೋಯಿತು.

ಅವನಿಗಾಗಿ ಹಿಂದಿರುಗಿ ಬಂದವನು ಕ್ವಾಕೋ ಒಬ್ಬನೇ.

ಕ್ವಾಕೋ ಮೇರಿಲ್ಯಾಂಡಿನ ಹೊಗೆಸೊಪ್ಪಿನ ತೋಟದ ಗುಲಾಮ. ತನ್ನ ಬದಲಿಗೆ ಯುದ್ಧಕ್ಕೆ ಹೋಗಿ ಬಂದರೆ ಬಿಡುಗಡೆ ಕೊಡುತ್ತೇನೆಂದು ಧಣಿ ಅವನನ್ನು ಕಳಿಸಿದ್ದ. ಕ್ವಾಕೋ ಏಮಸ್‌ನನ್ನು ಬೆನ್ನ ಮೇಲೆ ಹಾಕಿಕೊಂಡು ಹನ್ನೊಂದು ಮೈಲಿ ನಡೆದ.

"ದೊರೆ ತೊಲಗಲಿ, ಆಮೇಲೆ ನೀನೂ ನನ್ನ ಹಾಗೆಯೇ," ಎಂದು ಆ ಬೆನ್ನ ಮೇಲಿಂದಲೇ ಏಮಸ್ ಮಾತು ಕೊಟ್ಟ.

ದೊರೆ ತೊಲಗಿದ. ಧಣಿ ಮಾತಿಗೆ ತಪ್ಪಿದ. ಕ್ವಾಕೋ ತಪ್ಪಿಸಿಕೊಂಡು ನದಿಯ ಗುಂಟ ಉತ್ತರಕ್ಕೆ ನಡೆದು ಬಂದು ಏಮಸ್‌ನ ಬಾಗಿಲು ತಟ್ಟಿದ. ಏಮಸ್ ಅವನನ್ನು ಗುರುಗಳ ಬಳಿಗೆ ಕರೆತಂದ. ಕ್ವಾಕೋ ಅಲ್ಲಿ ದೋಣಿ ನಡೆಸಿಕೊಂಡು ನಾಲ್ಕು ವರ್ಷ ನೆಮ್ಮದಿಯಾಗಿದ್ದ.

ಗೆದ್ದು ರಾಜ್ಯಗಳಾದ ಸೀಮೆಗಳಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಗಡಿಗೆ ಜಗಳ, ನದಿಗೆ ಜಗಳ, ಒಂದರ ಮಾತು ಇನ್ನೊಂದು ಕೇಳುತ್ತಿರಲಿಲ್ಲ. ಕೊನೆಗೆ ಹಿರಿಯರು ಫಿಲಡೆಲ್ಫಿಯಾದಲ್ಲಿ ಸೇರಿ, ಬೇಸಿಗೆಯಿಡೀ ಕಿಟಕಿ ಬಾಗಿಲು ಹಾಕಿಕೊಂಡು ಕೂತು, ಹೊಸ ಸರ್ಕಾರಕ್ಕೊಂದು ಸಂವಿಧಾನ ಬರೆದರು. ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸಲು ರಾಜ್ಯ ರಾಜ್ಯಗಳಲ್ಲೂ ಸಭೆ ಕರೆದರು.

ತನ್ನ ಊರ ಕಡೆಯಿಂದ ತನ್ನ ರಾಜ್ಯದ ಸಭೆಗೆ ಆರಿಸಿ ಬಂದವನು ಏಮಸ್.

ಹೊರಡುವ ದಿನ ಅವನು ಗುರುಗಳನ್ನು ಕಾಣಲು ಬಂದ. ಮರಗಳ ಎಲೆಯೆಲ್ಲ ಉದುರಿ ನದಿ ಕಪ್ಪಾಗಿ ಹರಿಯುತ್ತಿತ್ತು.

"ನಿಮ್ಮ ಸಲಹೆ ಬೇಕು," ಎಂದ.

"ಮೊದಲು ಓದು," ಎಂದರು ಗುರುಗಳು. ದಡದಲ್ಲಿ ದೋಣಿಯ ಹಗ್ಗ ಹೊಸೆಯುತ್ತಿದ್ದ ಕ್ವಾಕೋನನ್ನೂ ಕರೆದು ಕೂರಿಸಿದರು.

ಏಮಸ್ ಅಚ್ಚಾದ ಹಾಳೆಗಳನ್ನು ಬಿಡಿಸಿ ಓದಿದ. ಕ್ವಾಕೋಗೆ ಓದು ಬರದು. ಕಿವಿಯಿಟ್ಟು ಕೇಳಿದ.

"ಅಧ್ಯಕ್ಷ ಅಂದರೆ ದೊರೆಯೇ?" ಎಂದು ನಡುವೆ ಕೇಳಿದ.

"ಅಲ್ಲ. ನಾಲ್ಕು ವರ್ಷಕ್ಕೊಮ್ಮೆ ಆರಿಸುವುದು. ಬೇಡವಾದರೆ ಬೇರೆಯವರು."

"ಅವನ ಮಗ?"

"ಅವನ ಮಗ ನಮ್ಮ ಹಾಗೆಯೇ ಒಬ್ಬ."

ಕ್ವಾಕೋ ಮನಸಾರೆ ನಕ್ಕ. "ಇದು ಚೆನ್ನಾಗಿದೆ. ಹೋಗಿ ಹೂಂ ಅಂದು ಬಾ," ಎಂದ. ದೋಣಿ ಸಿದ್ಧಮಾಡಲು ಎದ್ದು ಹೋದ.

ಗುರುಗಳು ಏಮಸ್‌ನ ಕೈ ನೋಡುತ್ತಿದ್ದರು. "ಆ ಹೆಬ್ಬೆರಳು ತೆಗೆ," ಎಂದರು.

ಏಮಸ್ ತೆಗೆದ. ಕಾಗದ ಅಲ್ಲಿ ಬೆವರಿಗೆ ಒದ್ದೆಯಾಗಿತ್ತು.

"ಅಲ್ಲಿರುವುದನ್ನು ಓದಲಿಲ್ಲ ನೀನು."

ಏಮಸ್ ತಗ್ಗಿದ ದನಿಯಲ್ಲಿ ಹೇಳಿದ. ಒಂದು ರಾಜ್ಯದಲ್ಲಿ ದುಡಿಮೆಗೆ ಕಟ್ಟುಬಿದ್ದವನು ಇನ್ನೊಂದು ರಾಜ್ಯಕ್ಕೆ ಓಡಿಹೋದರೆ ಬಿಡುಗಡೆಯಾದಂತಲ್ಲ. ಒಡೆಯ ಬಂದು ಕೇಳಿದರೆ ಅವನನ್ನು ಒಪ್ಪಿಸಬೇಕು.

"ಗುಲಾಮ ಎಂಬ ಪದವೇ ಇಲ್ಲವಲ್ಲ?"

"ಬರೆಯಲು ಅವರಿಗೆ ನಾಚಿಕೆಯಾಗಿರಬೇಕು."

"ನಿನಗೆ ಓದಲು ನಾಚಿಕೆಯಾಯಿತು," ಎಂದರು ಗುರುಗಳು. "ನಾಚಿಕೆಯನ್ನು ನೀವು ನೀವೇ ಹಂಚಿಕೊಂಡಿರಿ. ಅವನ ಪಾಲಿಗೆ ಏನು ಉಳಿಯಿತು?"

ಏಮಸ್‌ಗೆ ಮಾತು ಉಕ್ಕಿ ಬಂತು. "ಈ ಸಾಲಿಲ್ಲದಿದ್ದರೆ ದಕ್ಷಿಣದವರು ಸೇರುವುದಿಲ್ಲ ಗುರುಗಳೇ. ಅವರು ಸೇರದಿದ್ದರೆ ನಾಡು ಒಡೆಯುತ್ತದೆ. ಒಡೆದರೆ ದೊರೆ ಮತ್ತೆ ಬರುತ್ತಾನೆ. ಎಂಟು ವರ್ಷ ಸತ್ತವರೆಲ್ಲ ಸುಮ್ಮನೆ ಸತ್ತಂತಾಗುತ್ತದೆ. ಮುಂದೆ ತಿದ್ದಬಹುದು. ತಿದ್ದುವ ದಾರಿಯನ್ನೂ ಇದರಲ್ಲೇ ಬರೆದಿದ್ದಾರೆ."

"ಇರಬಹುದು."

"ಹಾಗಾದರೆ ನಾನೇನು ಮಾಡಲಿ?"

"ಈಗ ನನಗೆ ಹೇಳಿದೆಯಲ್ಲ, ಅದನ್ನೇ ಅವನಿಗೆ ಹೇಳಿ ಹೋಗು."

ಕ್ವಾಕೋ ಹುಟ್ಟು ಹಾಕಿದ. ಏಮಸ್ ಹಿಂದೆ ಕೂತು ಅವನ ಬೆನ್ನನ್ನೇ ನೋಡಿದ. ನದಿ ಬಹಳ ಅಗಲ; ಹೇಳಲು ಹೊತ್ತು ಸಾಲಲಿಲ್ಲ ಎನ್ನುವಂತಿರಲಿಲ್ಲ.

"ಚಳಿ ಬರುತ್ತಿದೆ. ಪಾದ ಬೆಚ್ಚಗಿಟ್ಟುಕೋ," ಎಂದ ಕ್ವಾಕೋ, ಅವನನ್ನು ಆಚೆ ದಡಕ್ಕೆ ಇಳಿಸುತ್ತ.

ಫಿಲಡೆಲ್ಫಿಯಾದಲ್ಲಿ ಸಭೆ ಮೂರು ವಾರ ನಡೆಯಿತು. ಕೊನೆಯ ದಿನ ಒಬ್ಬೊಬ್ಬರ ಹೆಸರು ಕೂಗಿದರು. ತನ್ನ ಸರದಿ ಬಂದಾಗ ಏಮಸ್ ಎದ್ದು ನಿಂತ.

"ಒಂದು ಸಾಲಿನ ಬಗ್ಗೆ..." ಎಂದು ಶುರುಮಾಡಿದ.

ಹಿಂದಿನ ಸಾಲಿನವನು ಕೋಟಿನ ಚುಂಗು ಎಳೆದ. "ಈಗ ಅದನ್ನು ಎತ್ತಿದರೆ ಎಲ್ಲ ಕೆಡುತ್ತದೆ. ಕೂತುಕೋ ಮಾರಾಯ."

ಸಭೆ ಕಾಯುತ್ತಿತ್ತು.

"ಒಪ್ಪಿಗೆ," ಎಂದ ಏಮಸ್.

ಊರ ಗಂಟೆಗಳೆಲ್ಲ ಮೊಳಗಿದವು. ಫಿರಂಗಿ ಹಾರಿಸಿದರು. ಗುರುತಿಲ್ಲದವರು ಬೀದಿಯಲ್ಲಿ ಅಪ್ಪಿಕೊಂಡರು. ಏಮಸ್‌ಗೂ ಕಣ್ಣು ತುಂಬಿ ಬಂದು ಸಂತೋಷವಾಯಿತು. ನಿಜವಾದ ಸಂತೋಷ. ಆಮೇಲೆ ಬದುಕಿಡೀ ಅವನನ್ನು ಕಾಡಿದ್ದು ಅದೇ.

ಕೂಡಲೇ ಹೊರಡಲು ಮನಸ್ಸಾಗಲಿಲ್ಲ. ಅವರಿವರ ಮನೆಯ ಊಟ, ಅಭಿನಂದನೆ ಎಂದು ಆರು ದಿನ ಕಳೆದ. ಅವನಿಗಿಂತ ಮೊದಲು ಪತ್ರಿಕೆ ಊರು ಮುಟ್ಟಿತು.

ನದಿಯ ಬಳಿಗೆ ಬಂದಾಗ ಅಂಚಿಗೆ ಮಂಜುಗಡ್ಡೆ ಕಟ್ಟಿತ್ತು. ದೋಣಿ ಆಚೆ ದಡದಲ್ಲಿತ್ತು. ಏಮಸ್ ಕೂಗಿದ. ದೋಣಿ ತಡವರಿಸುತ್ತ ಬಂತು. ಹುಟ್ಟು ಹಾಕುತ್ತಿದ್ದವರು ಗುರುಗಳೇ. ಅವರ ಅಂಗೈ ಬೊಬ್ಬೆ ಎದ್ದಿತ್ತು.

"ಕ್ವಾಕೋ ಎಲ್ಲಿ?"

ಗುರುಗಳು ಅವನನ್ನು ಹತ್ತಿಸಿಕೊಂಡು ದೋಣಿ ತಿರುಗಿಸಿದರು.

"ನೀನು ಹೊರಟ ದಿನವೇ ಆ ಸಾಲಿನಲ್ಲಿ ಇದ್ದುದನ್ನು ನಾನು ಅವನಿಗೆ ಹೇಳಿದೆ," ಎಂದರು ಇಳಿದ ಮೇಲೆ.

"ಅಂದೇ ಹೋದನೇ?"

"ಇಲ್ಲ. ಹೋಗು ಎಂದೆ. 'ಏಮಸ್ ಇದ್ದಾನೆ, ಅವನು ಇದಕ್ಕೆ ಒಪ್ಪುವುದಿಲ್ಲ' ಎಂದ. ದಿನವೂ ಇಲ್ಲಿ ಕೂತು ಕಾದ. ನಿನ್ನೆ ಪತ್ರಿಕೆ ಬಂತು. ಒಪ್ಪಿದವರ ಹೆಸರುಗಳಿದ್ದವು. ನನ್ನಿಂದ ಎರಡು ಸಲ ಓದಿಸಿದ."

"ಆಮೇಲೆ?"

"ಕಂಬಳಿ ಸುತ್ತಿಕೊಂಡು ಹೊರಟ. ಉತ್ತರಕ್ಕೆ, ದೊರೆಯ ಸೀಮೆಗೆ."

"ಯಾವ ದೊರೆ?"

"ನೀವಿಬ್ಬರೂ ಸೇರಿ ಓಡಿಸಿದ ದೊರೆ. ಕೆನಡಾದಲ್ಲಿ ಇನ್ನೂ ಅವನದೇ ಬಾವುಟ."

ಏಮಸ್ ಥಟ್ಟನೆ ಊರಿನ ಕಡೆ ತಿರುಗಿದ.

"ಒಂದೇ ದಿನದ ದಾರಿ. ಕಾಲ್ನಡಿಗೆಯಲ್ಲಿ ಎಷ್ಟು ದೂರ ಹೋಗಿರುತ್ತಾನೆ? ಕುದುರೆ ತರುತ್ತೇನೆ. ಹಿಂದೆ ಹೋಗಿ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ."

"ಬೇಡ ಮಗೂ," ಎಂದರು ಗುರುಗಳು. "ಹಿಂದೆ ಕುದುರೆಯ ಸದ್ದು ಕೇಳಿದರೆ ಅವನು ಓಡುತ್ತಾನೆ."

"ನಾನು ಏಮಸ್, ನಾನು ಏಮಸ್ ಎಂದು ಕೂಗಿ ಹೇಳುತ್ತೇನೆ!"

ಗುರುಗಳು ಉತ್ತರದ ದಾರಿಯ ಕಡೆ ನೋಡಿದರು.

"ಆಗ ಇನ್ನೂ ಜೋರಾಗಿ ಓಡುತ್ತಾನೆ."