ಗೌಜಲಹಕ್ಕಿಯ ಪ್ರಭಾವ

ಬೇಟೆಗಾರನೊಬ್ಬ ಸಾಕಿದ್ದ ಗೌಜಲಹಕ್ಕಿಗೆ ತನ್ನ ದನಿಯ ಮೇಲೆ ಬಹಳ ಹೆಮ್ಮೆ. ದಿನವೂ ಬೆಳಗ್ಗೆ ಅವನು ಅದರ ಪಂಜರವನ್ನು ಪೊದೆಯೊಳಗೆ ಇಟ್ಟು ಮರೆಯಾಗುತ್ತಿದ್ದ. ಅದು ಕೂಗತೊಡಗಿದರೆ ಸಾಕು, ಕಾಡಿನ ಗೌಜಲಹಕ್ಕಿಗಳು ಓಡೋಡಿ ಬರುತ್ತಿದ್ದವು.

ಒಂದು ದಿನ ಅದು ಪಕ್ಕದ ಮರದಲ್ಲಿದ್ದ ಅಳಿಲೊಂದಕ್ಕೆ ಹೇಳಿತು: "ನೋಡಿದೆಯಾ ನನ್ನ ಪ್ರಭಾವ? ನಾನು ಕರೆದರೆ ಬಾರದವರೇ ಇಲ್ಲ."

"ಬಂದವರು ಆಮೇಲೆ ಎಲ್ಲಿಗೆ ಹೋದರು?" ಎಂದು ಅಳಿಲು ಕೇಳಿತು.

"ನನ್ನ ಮಾತು ಕೇಳಿ ಸಂತೋಷದಿಂದ ಗೂಡಿಗೆ ಮರಳಿರುತ್ತಾರೆ."

"ಒಬ್ಬರೂ ಮರಳಿಲ್ಲ. ಪೊದೆಯ ಆಚೆ ಬೇಟೆಗಾರನ ಬಲೆಯಿದೆ, ಇಣುಕಿ ನೋಡು."

ಹಕ್ಕಿ ಕೊರಳು ಚಾಚಿ ಎಲೆಗಳ ಸಂದಿಯಲ್ಲಿ ನೋಡಿತು. ಬಲೆಯ ತುಂಬ ತನ್ನದೇ ಬಣ್ಣದ ಪುಕ್ಕಗಳು ಸಿಕ್ಕಿಕೊಂಡಿದ್ದವು. ಅಷ್ಟರಲ್ಲಿ ದೂರದ ಹುಲ್ಲಿನಲ್ಲಿ ತಾಯಿಹಕ್ಕಿಯೊಂದು ನಾಲ್ಕು ಮರಿಗಳೊಡನೆ ಕಾಣಿಸಿತು.

"ಬರಬೇಡಿ! ಓಡಿಹೋಗಿ!" ಎಂದು ಪಂಜರದ ಹಕ್ಕಿ ಗಂಟಲು ಹರಿಯುವಂತೆ ಕಿರುಚಿತು.

ತಾಯಿಹಕ್ಕಿ ತಲೆಯೆತ್ತಿ ಆಲಿಸಿತು. ಅಷ್ಟು ದೂರಕ್ಕೆ ಮಾತು ತಿಳಿಯಲಿಲ್ಲ, ದನಿಯ ಗುರುತು ಮಾತ್ರ ಸಿಕ್ಕಿತು.

"ದಿನವೂ ಕೂಗುವವನೇ ಕರೆಯುತ್ತಿದ್ದಾನೆ ಮಕ್ಕಳೇ, ಇವತ್ತು ಎಷ್ಟೊಂದು ಆತುರದಿಂದ ಕರೆಯುತ್ತಿದ್ದಾನೆ! ಬೇಗ ನಡೆಯಿರಿ," ಎಂದಿತು.

ಪಂಜರದ ಹಕ್ಕಿ ಬೇಡ ಬೇಡವೆಂದು ಕೂಗಿದಷ್ಟೂ ಅವು ಇನ್ನಷ್ಟು ಜೋರಾಗಿ ಓಡಿ ಬಂದವು.